ಬ್ರಿಡ್ಜ್ ಬಿಡ್ಡಿಂಗ್ ಕಲಿಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಇಸ್ಪೀಟಿನ ಇಪ್ಪತ್ತೆಂಟು ಆಡಿ ಬೆಳೆದವಳು ನಾನು. ಆರು ತಿಂಗಳಿಂದ ಬ್ರಿಡ್ಜ್ ಕಲಿಯುತ್ತಿದ್ದೇನೆ. ಎಲೆ ಆಡುವುದು ಪರವಾಗಿಲ್ಲ, ಅದಕ್ಕೆ ಮುಂಚೆ ಕರೆ ಕೊಡುವ ಬಿಡ್ಡಿಂಗ್‌ನಲ್ಲೇ ಸಿಕ್ಕಿಬೀಳುತ್ತೇನೆ.

ಮೊನ್ನೆ ನಡೆದದ್ದು ಹೇಳುತ್ತೇನೆ. ಜೊತೆಗಾರರು 1 ನೋಟ್ರಂಪ್ (ತುರುಪು ಇಲ್ಲದ ಆಟ) ಕರೆದರು, ಅಂದರೆ ಅವರ ಕೈಯಲ್ಲಿ 15ರಿಂದ 17 ಪಾಯಿಂಟ್. ನನ್ನ ಕೈಯಲ್ಲಿ ಹಾರ್ಟ್ ರಾಣಿ, 10, 7, 5, 3. ಸ್ಪೇಡ್ ಬರೀ 8, 4. ಒಟ್ಟು ಐದೇ ಪಾಯಿಂಟ್. ಐದು ಹಾರ್ಟ್ ಇದೆ ಅಲ್ವಾ ಅಂತ 2 ಹಾರ್ಟ್ ಕರೆದೆ. ಅವರು ಅದನ್ನು ಜಾಕೋಬಿ ಟ್ರಾನ್ಸ್‌ಫರ್ (ನಮ್ಮ ಬಣ್ಣಕ್ಕಿಂತ ಒಂದು ಕೆಳಗಿನ ಬಣ್ಣ ಕರೆದು, ನಮ್ಮದನ್ನು ಜೊತೆಗಾರರಿಂದ ಹೇಳಿಸುವುದು) ಅಂತ ತಿಳಿದು 2 ಸ್ಪೇಡ್ ಅಂದರು. ನಾನು ಗಾಬರಿಯಾಗಿ ಪಾಸ್. ಮೂರು ಡೌನ್, ಅಂದರೆ ಕರೆದದ್ದಕ್ಕಿಂತ ಮೂರು ಟ್ರಿಕ್ ಕಡಿಮೆ! 2 ಡೈಮಂಡ್ ಕರೆಯಬೇಕಿತ್ತು ಅಂತ ಆಮೇಲೆ ಗೊತ್ತಾಯಿತು. ಅವರು ಏನೂ ಅನ್ನಲಿಲ್ಲ, ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನಿಜವಾದ ಪ್ರಶ್ನೆ. ಅದೇ 1 ನೋಟ್ರಂಪ್‌ಗೆ ನನ್ನ ಹತ್ತಿರ ಐದು ಹಾರ್ಟ್, ನಾಲ್ಕು ಸ್ಪೇಡ್, 10 ಪಾಯಿಂಟ್ ಇದ್ದರೆ? ಟ್ರಾನ್ಸ್‌ಫರ್ ಮಾಡಲೇ, 2 ಕ್ಲಬ್ ಕರೆದು ಸ್ಟೇಮನ್ (ನಾಲ್ಕು ಹಾರ್ಟ್ ಅಥವಾ ಸ್ಪೇಡ್ ಇದೆಯಾ ಅಂತ) ಕೇಳಲೇ? ಸ್ಟೇಮನ್‌ಗೆ ಅವರು 2 ಡೈಮಂಡ್ (ಎರಡೂ ಇಲ್ಲ) ಅಂದರೆ, ನನ್ನ ಐದು ಹಾರ್ಟ್ ತೋರಿಸುವುದು ಹೇಗೆ? ಅಲ್ಲಿ 3 ಸ್ಪೇಡ್ ಕರೆದು ಐದು ಹಾರ್ಟ್ ತೋರಿಸುವ ಸ್ಮೋಲನ್ ಅನ್ನೋದು ಹೊಸಬರಿಗೆ ಬೇಕಾ, ಜಾಸ್ತಿ ಆಯಿತಾ?

ಜೊತೆಗಾರರ ಹತ್ತಿರ ಎಷ್ಟು ಏಸ್ ಇವೆ ಅಂತ ಕೇಳುವ ಬ್ಲ್ಯಾಕ್‌ವುಡ್ ಸದ್ಯಕ್ಕೆ ಬಿಟ್ಟಿದ್ದೇನೆ. ಸುಮ್ನೆ ಪಟ್ಟಿ ಬಾಯಿಪಾಠ ಮಾಡಿದರೆ ಮೇಜಿನಲ್ಲಿ ನೆನಪಾಗುವುದಿಲ್ಲ. ನೀವು ಯಾವ ಕ್ರಮದಲ್ಲಿ ಕಲಿತಿರಿ? ಒಂದೆರಡು ಕೈ ಉದಾಹರಣೆ ಕೊಟ್ಟು, ಯಾಕೆ ಹಾಗೆ ಕರೆಯಬೇಕು ಅಂತ ಕನ್ನಡದಲ್ಲೇ ಬಿಡಿಸಿ ಹೇಳಿದರೆ ತುಂಬಾ ಉಪಕಾರ. ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಜೊತೆಗೆ ಅಭ್ಯಾಸ ಮಾಡುವವರಿದ್ದರೂ ದಯವಿಟ್ಟು ತಿಳಿಸಿ.