ಕೋರೆ ನೀರಿನ ಸೂಕ್ಷ್ಮ ಪಾಚಿ: ಚಿತ್ರ ತೆಗೆಯಲು ಯಾವ ಬೆಳಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಉಡುಪಿ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಣಿಪಾಲದ ಸಮೀಪ ಕೆಲಸ ನಿಂತುಹೋದ ಕೆಂಪುಕಲ್ಲಿನ ಕೋರೆಯೊಂದರಲ್ಲಿ ಆಟಿ ತಿಂಗಳ ಮಳೆಗೆ ನೀರು ನಿಂತಿತ್ತು. ಅಲ್ಲಿನ ಯುಟ್ರಿಕುಲೇರಿಯಾ ಎಂಬ ಕೀಟಾಹಾರಿ ಗಿಡಗಳನ್ನು ಹಿಂಡಿ ತೆಗೆದ ನೀರಿನಲ್ಲಿ ಮೈಕ್ರಾಸ್ಟೀರಿಯಸ್, ಕಾಸ್ಮೇರಿಯಂ, ಕ್ಲೋಸ್ಟೀರಿಯಂ ಮುಂತಾದ ಡೆಸ್ಮಿಡ್‌ಗಳು, ಅಂದರೆ ಸೂಕ್ಷ್ಮ ಹಸಿರು ಪಾಚಿಗಳು, ಸಿಕ್ಕಿವೆ. ಸೂಕ್ಷ್ಮದರ್ಶಕದ ಐಪೀಸ್‌ಗೆ ಮೊಬೈಲ್ ಹಿಡಿದು ತೆಗೆದ ಚಿತ್ರಗಳಲ್ಲಿ ಹಸಿರು ಭಾಗ ಚೆನ್ನಾಗಿ ಕಾಣುತ್ತದೆ, ಕೋಶಭಿತ್ತಿಯ ಅಂಚು ಮಾತ್ರ ನೀರಿನಲ್ಲಿ ಕರಗಿದಂತಿರುತ್ತದೆ. ಮಾದರಿಯ ಕೆಳಗಿನಿಂದ ಬೆಳಕನ್ನು ಕೂಡಿಸುವ ಕಂಡೆನ್ಸರಿನ ಡಯಾಫ್ರಂ (ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗ) ಮುಚ್ಚಿದರೆ ಅಂಚು ಕಪ್ಪಾಗಿ ಎದ್ದು ಬರುತ್ತದೆ, ಆದರೆ ಸುತ್ತಲೂ ಜೋಡಿಗೆರೆಗಳು ಮೂಡುತ್ತವೆ. ಬಣ್ಣವಿಲ್ಲದ ಭಾಗಗಳನ್ನೂ ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ಉಪಕರಣ ಕೊಳ್ಳುವಂತೆ ಕೆಲವರು ಹೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ನಮಸ್ಕಾರ ಸರ್. ಸದ್ಯಕ್ಕೆ ಕೊಳ್ಳಬೇಡಿ. ಡಚ್ ಭೌತವಿಜ್ಞಾನಿ ಝರ್ನಿಕೆ ಅವರಿಗೆ 1953ರಲ್ಲಿ ನೊಬೆಲ್ ತಂದುಕೊಟ್ಟ ಆ ವಿಧಾನ ತೆಳ್ಳಗಿನ ಕೋಶಗಳಿಗೂ ಅವುಗಳ ಚಾಟಿಯಂತಹ ಕಶಾಂಗಗಳಿಗೂ ಬಹಳ ಒಳ್ಳೆಯದು. ಆದರೆ ಮೈಕ್ರಾಸ್ಟೀರಿಯಸ್‌ನಂತಹ ದಪ್ಪ ಕೋಶದ ಸುತ್ತ ಅದು ಬೆಳ್ಳನೆಯ ಪ್ರಭೆಯೊಂದನ್ನು ಹುಟ್ಟಿಸಿ, ನೀವು ತೋರಿಸಬೇಕೆಂದಿರುವ ಅಂಚನ್ನೇ ಮರೆಮಾಡುತ್ತದೆ.

ಸಾಮಾನ್ಯ ಬೆಳಕಿನಲ್ಲಿ ಕಾಣುವುದು ಬೆಳಕನ್ನು ಹೀರುವ ವಸ್ತು ಮಾತ್ರ. ಹರಿತ್ತು ಹೀರುತ್ತದೆ, ಭಿತ್ತಿ ಹೀರುವುದಿಲ್ಲ. ಜೊತೆಗೆ ಭಿತ್ತಿಯ ವಕ್ರೀಭವನ ಸೂಚ್ಯಂಕವು (ಬೆಳಕನ್ನು ಬಾಗಿಸುವ ಪ್ರಮಾಣ) ನೀರಿನದಕ್ಕಿಂತ ಹೆಚ್ಚು ಭಿನ್ನವಲ್ಲ. ಡಯಾಫ್ರಂ ಮುಚ್ಚಿದಾಗ ನಿಮಗೆ ಕಂಡ ಜೋಡಿಗೆರೆಗಳು ವಿವರ್ತನೆಯ, ಅಂದರೆ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಮೂಡುವ, ಪಟ್ಟಿಗಳೇ ಹೊರತು ಕೋಶದ ಅಂಗಗಳಲ್ಲ, ಅವನ್ನು ನೋಡಿ ಪ್ರಭೇದ ಗುರುತಿಸಲು ಹೊರಟರೆ ತಪ್ಪಾಗುತ್ತದೆ. ಐಪೀಸ್ ತೆಗೆದು ಕೊಳವೆಯೊಳಗೆ ನೋಡಿ, ಬೆಳಗಿದ ವೃತ್ತದ ಮುಕ್ಕಾಲು ಭಾಗ ತೆರೆದಿರುವಂತೆ ಡಯಾಫ್ರಂ ಇಡಿ. ದೀಪದ ಬಳಿಯೂ ಡಯಾಫ್ರಂ ಇರುವ ಸೂಕ್ಷ್ಮದರ್ಶಕವಾದರೆ, ಜರ್ಮನಿಯ ಕೋಹ್ಲರ್ 1893ರಲ್ಲಿ ತೋರಿಸಿಕೊಟ್ಟ ಕ್ರಮದಲ್ಲಿ ಬೆಳಕು ಎಲ್ಲೆಡೆ ಸಮನಾಗಿ ಹರಡುವಂತೆ ಹೊಂದಿಸಿಕೊಂಡೇ ಮುಂದಿನ ಕೆಲಸಕ್ಕೆ ಕೈಹಾಕಿ.

ನಿಮ್ಮ ಡೆಸ್ಮಿಡ್‌ಗಳಿಗೆ ನಾನು ಮೊದಲು ಸೂಚಿಸುವುದು ಕಪ್ಪು ಹಿನ್ನೆಲೆಯ ಬೆಳಕು, ಅಂದರೆ ಡಾರ್ಕ್‌ಫೀಲ್ಡ್. ಕಂಡೆನ್ಸರಿನ ಕೆಳಗಿನ ಫಿಲ್ಟರ್ ತಟ್ಟೆಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಕಪ್ಪು ಕಾಗದದ ಬಿಲ್ಲೆಯೊಂದನ್ನು ಅಂಟಿಸಿಟ್ಟು, ಡಯಾಫ್ರಂ ಪೂರ್ತಿ ತೆರೆಯಿರಿ. ಐಪೀಸ್ ತೆಗೆದು ನೋಡಿದಾಗ ಬಿಲ್ಲೆಯು ಬೆಳಗಿದ ವೃತ್ತವನ್ನು ಸ್ವಲ್ಪವೇ ಮೀರಿ ಮುಚ್ಚುವಂತಿದ್ದರೆ ಅಳತೆ ಸರಿಯಾಯಿತು. ಆಗ ನೇರ ಬೆಳಕು ಮಸೂರವನ್ನು ಸೇರದೆ, ಪಾಚಿಯ ಅಂಚಿನಲ್ಲಿ ಚದುರಿದ ಬೆಳಕಷ್ಟೇ ಸೇರುತ್ತದೆ. ಕಣ್ಣಿಗೆ ಬೀಳದ ಭಿತ್ತಿಯೂ ಬೆಳ್ಳಿಗೆರೆಯಾಗಿ ಹೊಳೆಯುತ್ತದೆ. 10 ಪಟ್ಟಿನ ಮಸೂರಕ್ಕೆ ಇದು ಸುಲಭ, 40 ಪಟ್ಟಿನದಕ್ಕೆ ದೊಡ್ಡ ಬಿಲ್ಲೆಯೂ ತಾಳ್ಮೆಯೂ ಬೇಕು, 100 ಪಟ್ಟಿನ ಎಣ್ಣೆ ಮಸೂರಕ್ಕೆ ಕಾಗದದ ಉಪಾಯ ಸಾಗದು. ಧೂಳಿನ ಕಣಗಳೂ ನಕ್ಷತ್ರಗಳಂತೆ ಬೆಳಗುವುದರಿಂದ ಗಾಜುಗಳನ್ನು ಚೆನ್ನಾಗಿ ಒರೆಸಿ, ಮಾದರಿಯನ್ನು ಶುದ್ಧ ನೀರಿನಲ್ಲಿ ಒಂದೆರಡು ಸಲ ತೊಳೆಯಿರಿ. ಮೊಬೈಲು ಕಪ್ಪನ್ನು ಬೂದು ಮಾಡಲು ಹೊರಟು ಪಾಚಿಯನ್ನು ಸುಟ್ಟ ಬಿಳಿಯಾಗಿಸುತ್ತದೆ, ಆದ್ದರಿಂದ ಎಕ್ಸ್‌ಪೋಶರನ್ನು ಕೈಯಾರೆ ತಗ್ಗಿಸಬೇಕು.

ಅದೇ ಬಿಲ್ಲೆಯನ್ನು ಒಂದು ಬದಿಗೆ ಸರಿಸಿದರೆ ಓರೆ ಬೆಳಕು ಸಿಗುತ್ತದೆ. ಕಾಸ್ಮೇರಿಯಂನ ಗುಬುಟುಗಳು ಆಗ ಉಬ್ಬುಶಿಲ್ಪದಂತೆ ಕಾಣುತ್ತವೆ, ಆದರೆ ಆ ನೆರಳು ಬೆಳಕಿನ ದಿಕ್ಕಿನಿಂದ ಬಂದದ್ದು, ಎತ್ತರದ ಅಳತೆಯಲ್ಲ.

ಮರುಪ್ರಶ್ನೆ: ಬಿಲ್ಲೆ ಕೆಲಸ ಮಾಡಿತು ಮೇಡಂ, ಬಹಳ ಉಪಕಾರವಾಯಿತು. ಆದರೆ ಕೆಲವು ಕೋಶಗಳ ಸುತ್ತ ಇರುವ ಲೋಳೆಯ ಕವಚ ಇದರಲ್ಲೂ ಕಾಣಲಿಲ್ಲ. ಕ್ಲೋಸ್ಟೀರಿಯಂನ ಎರಡೂ ತುದಿಗಳಲ್ಲಿ ಅದುರುವ ಕಣಗಳು ಯಾವುವು?

ಉತ್ತರ: ಲೋಳೆಯ ಬಹುಪಾಲು ನೀರೇ ಆದ್ದರಿಂದ ಬೆಳಕಿನ ಉಪಾಯಗಳು ಅಲ್ಲಿ ಸೋಲುತ್ತವೆ. ಇಂಗಾಲದ ಕಣಗಳಿರುವ ಇಂಡಿಯನ್ ಇಂಕನ್ನು ತೆಳುವಾಗಿಸಿ ಒಂದು ಹನಿ ಸೇರಿಸಿ, ಸಾಮಾನ್ಯ ಬೆಳಕಿನಲ್ಲೇ ನೋಡಿ. ಶಾಯಿಯ ಕಣಗಳು ಲೋಳೆಯೊಳಗೆ ನುಗ್ಗಲಾರದ್ದರಿಂದ ಕವಚವು ಕೋಶದ ಸುತ್ತ ತಿಳಿಯಾದ ವಲಯವಾಗಿ ಉಳಿಯುತ್ತದೆ. ಪೆನ್ನಿನ ಶಾಯಿ ಇದಕ್ಕೆ ಆಗದು.

ತುದಿಯ ಕಣಗಳು ಅಲ್ಲಿನ ರಸದಾನಿಗಳೊಳಗಿನ ಸ್ಫಟಿಕಗಳು. ಅವು ಸಲ್ಫೇಟ್ ಲವಣಗಳು. ಬೇರಿಯಂ ಸಲ್ಫೇಟ್ ಇರುವ ಪ್ರಭೇದಗಳೂ ಇವೆ. ಅವು ಅದುರುವುದು ಬ್ರೌನಿಯನ್ ಚಲನೆಯಿಂದ, ಅಂದರೆ ಸುತ್ತಲಿನ ದ್ರವದ ಅಣುಗಳ ತಾಕಲಾಟದಿಂದ. ಸ್ಥಿರಚಿತ್ರದಲ್ಲಿ ಮಸುಕಾಗಿಬಿಡುವುದರಿಂದ ಕಪ್ಪು ಹಿನ್ನೆಲೆಯಲ್ಲಿ ಅರ್ಧ ನಿಮಿಷದ ವೀಡಿಯೊ ತೆಗೆಯಿರಿ, ದೀಪವನ್ನು ಪೂರ್ತಿ ಏರಿಸಿ. ಬಿಸಿಯಾಗುವ ದೀಪವಾದರೆ ಅಷ್ಟರೊಳಗೆ ಆರಿಸಿಬಿಡಿ, ಗಾಜಿನಡಿಯ ನೀರು ಒಣಗಿದರೆ ಕೋಶ ಸಾಯುತ್ತದೆ.