ಎಂಜಿಬಿ ಜಿಟಿ (1970): ಅರ್ಧ ಗಂಟೆ ಓಡಿ ಆಫ್ ಆಗುತ್ತೆ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತೆ [ಪರಿಹಾರ ಸಿಕ್ಕಿದೆ]

ಮುಲ್ಸಾನ್_ಹಾದಿ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಈಗ ಇರೋದು ಆಕ್ಸ್‌ಫರ್ಡ್ ಹತ್ರ. ಗಾಡಿ 1970ರ ಎಂಜಿಬಿ ಜಿಟಿ, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು: 1798 ಸಿಸಿ, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬೊರೇಟರ್, ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋದು), ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸೋ ಹಳೇ ಕಾಲದ ಸ್ವಿಚ್).

ತೊಂದರೆ ಇದು. ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆದ್ರೆ ತಕ್ಷಣ ಸ್ಟಾರ್ಟ್. ಮೂವತ್ತು ನಲವತ್ತು ನಿಮಿಷ ಒಂದು ಮಿಸ್ಸಿಂಗೂ ಇಲ್ಲದೆ ಓಡುತ್ತೆ. ಆಮೇಲೆ ಓಡ್ತಾ ಇದ್ದ ಹಾಗೇ ಆಫ್. ಎಷ್ಟು ಸೆಲ್ಫ್ ಹೊಡೆದ್ರೂ ಜಪ್ಪಯ್ಯ ಅನ್ನಲ್ಲ. ಬಾನೆಟ್ ಎತ್ತಿ ಇಪ್ಪತ್ತು ನಿಮಿಷ ಕಾದ್ರೆ ಮತ್ತೆ ಮೊದಲಿನ ಹಾಗೆ ಸ್ಟಾರ್ಟ್ ಆಗುತ್ತೆ.

ಈ ಎಂಜಿನ್‌ನಲ್ಲಿ ಕಾರ್ಬೊರೇಟರ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಅದಕ್ಕೇ ಪೆಟ್ರೋಲ್ ಕುದ್ದು ಏರ್ ಲಾಕ್ ಆಗ್ತಿದೆ ಅಂದ್ಕೊಂಡೆ. ಪೆಟ್ರೋಲ್ ಇ10ರಿಂದ ಎಥನಾಲ್ ಕಡಿಮೆ ಇರೋ ಇ5ಕ್ಕೆ ಬದಲಾಯಿಸಿದೆ, ಎಕ್ಸಾಸ್ಟ್‌ಗೆ ಶಾಖ ತಡೆಯೋ ಪಟ್ಟಿ ಸುತ್ತಿದೆ, ಹೊಸ ಪಂಪ್ ಹಾಕಿದೆ. ಇಷ್ಟಾದರೂ ಅದೇ ಕಥೆ.

ಮುಂದಿನ ತಿಂಗಳು ಫ್ರಾನ್ಸಿನಲ್ಲಿ ನಡೆಯೋ ಹಳೇ ಕಾರುಗಳ ರೇಸ್ ಲೆ ಮಾನ್ ಕ್ಲಾಸಿಕ್‌ಗೆ ಇದೇ ಗಾಡಿಯಲ್ಲಿ ಹೋಗಬೇಕು. ಟ್ರೇಲರ್ ಮೇಲೆ ಹೇರಿಕೊಂಡು ಹೋಗೋಕೆ ಮನಸ್ಸಿಲ್ಲ. 1963ರಲ್ಲಿ ಪ್ಯಾಡಿ ಹಾಪ್‌ಕರ್ಕ್, ಅಲನ್ ಹಚಿಸನ್ ಜೋಡಿ ಅಲ್ಲಿನ 24 ಗಂಟೆ ರೇಸಲ್ಲಿ ಎಂಜಿಬಿ ಓಡಿಸಿದ್ರು. ರೇಸ್ ಶುರುವಾಗಿ ಸ್ವಲ್ಪ ಹೊತ್ತಿಗೇ ಹಚಿಸನ್ ಕಾರು ಮುಲ್ಸಾನ್ ತಿರುವಿನ ಮರಳಲ್ಲಿ ಹೂತುಹೋಯ್ತು. ಬೇರೆಯವರು ಕೈ ಹಾಕೋ ಹಾಗಿಲ್ಲ. ಒಬ್ಬನೇ ಮರಳು ತೋಡಿ ತೋಡಿ, ಒಂದು ಗಂಟೆಗೂ ಮೀರಿ ಹೊತ್ತು ಕಳೆದು, ಗಾಡಿ ಈಚೆ ತಂದ. ಅಷ್ಟೆಲ್ಲ ಆದ ಮೇಲೂ 24 ಗಂಟೆ ಮುಗಿಸಿ 12ನೇ ಸ್ಥಾನ, 2 ಲೀಟರ್ ವರ್ಗದಲ್ಲಿ ಮೊದಲು. ಎಂಜಿಬಿಗೆ 1964ರಲ್ಲಿ 19ನೇ, 1965ರಲ್ಲಿ 11ನೇ ಸ್ಥಾನ. ಮೂರು ವರ್ಷ ಹೋಗಿ ಮೂರು ಸಲವೂ ಮುಗಿಸಿದ ಕಾರಿನ ವಂಶ ಇದು. ನನ್ನದು ನಲವತ್ತು ನಿಮಿಷಕ್ಕೇ ಕೂರೋದನ್ನ ನೋಡೋಕಾಗ್ತಿಲ್ಲ. ದಯವಿಟ್ಟು ದಾರಿ ತೋರಿಸಿ.

ಕಾವೇರಿ_ಗೇರ್ · ಭಾನುವಾರ, ರಾತ್ರಿ 10:25

ಪೆಟ್ರೋಲ್ ಕಡೆಯದನ್ನ ಪೂರ್ತಿ ತಳ್ಳಿಹಾಕೋಕೆ ಮುಂಚೆ ಎರಡು ವಿಷಯ ನೋಡಿ ಸರ್. ಗಾಡಿ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೀರಿ. ಗಾಳಿ ಬುಸ್ ಅಂತ ಒಳಗೆ ಎಳೆದರೆ ಟ್ಯಾಂಕಿಗೆ ಗಾಳಿ ಹೋಗೋ ದಾರಿ ಕಟ್ಟಿದೆ ಅಂತ ಅರ್ಥ. ಇನ್ನೊಂದು, ಕೀ ಆನ್ ಮಾಡಿ ಹಿಂದಿನ ಪಂಪ್ ಸದ್ದು ಕೇಳಿ. ನಾಲ್ಕೈದು ಸಲ ಟಿಕ್ ಟಿಕ್ ಅಂದು ಸುಮ್ಮನಾದರೆ ಕಾರ್ಬೊರೇಟರ್ ಬಟ್ಟಲು ತುಂಬಿದೆ. ಬಿಡದೆ ಹೊಡೀತಾನೇ ಇದ್ದರೆ ಎಲ್ಲೋ ಗಾಳಿ ಎಳೀತಿದೆ, ಇಲ್ಲವೇ ಪೆಟ್ರೋಲ್ ಬರ್ತಿಲ್ಲ.

ಹುಬ್ಬಳ್ಳಿ_ಅಂಬಾಸಿಡರ್ · ಸೋಮವಾರ, ಬೆಳಿಗ್ಗೆ 6:10

ತಮ್ಮಾ, ನಿನ್ನ ಎಂಜಿನ್ನು ನನ್ನ ಅಂಬಾಸಿಡರಿಂದು ಒಂದ ಬಳ್ಳಿ ಕಾಯಿ. ನಂದು 1489 ಸಿಸಿ, ಅದೂ ಬಿಎಂಸಿ ಬಿ-ಸೀರೀಸ್ ಎಂಜಿನ್ನ. ನಮ್ಮ ಅಪ್ಪಾರ ಗ್ಯಾರೇಜಿನಾಗ ಇಂಥಾ ಎಂಜಿನ್ ಬಿಚ್ಚಿ ಕಟ್ಟಿ ಬೆಳದಾಂವ ನಾನು. ಹಂಗಾಗಿ ಹೇಳತೀನಿ, ಇನ್ನೊಂದು ಪಾರ್ಟೂ ತರಬ್ಯಾಡ. ತಣ್ಣಗಾದ ಮ್ಯಾಲೆ ನೋಡಿದ್ರ ರೋಗ ಸಿಗೂದುಲ್ಲ. ಬಂದ್ ಬಿದ್ದ ಐದು ನಿಮಿಷದೊಳಗ ನೋಡಬೇಕು.

ಮೊದಲು ಆರ್‌ಪಿಎಂ ಮುಳ್ಳು ನೋಡು. 1970ರ ಗಾಡಿಯೊಳಗ ಅದು ಇಗ್ನಿಷನ್ ಕರೆಂಟಿನ ಮ್ಯಾಲ ನಡಿತೈತಿ. ಗೇರಿನಾಗ ಗಾಡಿ ಇನ್ನೂ ಉರುಳತಿರೂವಾಗನ ಮುಳ್ಳು ಒಮ್ಮಿಗೇ ಸೊನ್ನಿಗೆ ಬಿದ್ರ ತಪ್ಪು ಕರೆಂಟಿಂದು. ಎಂಜಿನ್ ಜೋಡಿ ನಿಧಾನಕ ಇಳಿದ್ರ ಪೆಟ್ರೋಲಿಂದು. ಆಮ್ಯಾಲ ಒಂದು ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಕಿಡಿ ಐತೇನು ನೋಡು.

ಮುಲ್ಸಾನ್_ಹಾದಿ · ಬುಧವಾರ, ರಾತ್ರಿ 8:15

ಅಣ್ಣ, ಇವತ್ತು ಬೇಕಂತಲೇ ಸುತ್ತಿಸಿದೆ. ಅಬಿಂಗ್ಡನ್ ದಾಟಿ ಮೂವತ್ತಾರನೇ ನಿಮಿಷಕ್ಕೆ ನಿಂತಿತು, ನಾನು ಮೂರನೇ ಗೇರಲ್ಲಿದ್ದೆ. ಗಾಡಿ ಇನ್ನೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಉರುಳ್ತಿತ್ತು, ಮುಳ್ಳು ಮಾತ್ರ ಪಟ್ ಅಂತ ಸೊನ್ನೆಗೆ ಬಿತ್ತು. ಇಷ್ಟು ದಿನ ಕಣ್ಣೆದುರೇ ಇದ್ದದ್ದನ್ನ ನಾನು ನೋಡೇ ಇರಲಿಲ್ಲ.

ಪಂಪ್ ಐದು ಸಲ ಟಿಕ್ ಅಂದು ನಿಂತಿತು. ಮುಚ್ಚಳದಲ್ಲಿ ಸದ್ದಿಲ್ಲ. ಪ್ಲಗ್‌ನಲ್ಲಿ ಕಿಡಿ ಇಲ್ಲ. ಕಿಡಿಗೆ ಹೈ ವೋಲ್ಟೇಜ್ ಕೊಡೋ ಕಾಯಿಲ್‌ನ ಓಮ್ ಅಳತೆ ಬಿಸಿಯಲ್ಲೂ 3ರ ಮೇಲೇ ಇದೆ, ಅಂದ್ರೆ ಅದು ಸರಿಯಾಗಿದೆ.

ರ‍್ಯಾಲಿ_ರಸ್ತೆ · ಬುಧವಾರ, ರಾತ್ರಿ 9:00

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಬಿಡಿ. ಒಂದೇ ಸಲಕ್ಕೆ ತಲೆನೋವು ಮುಗಿಯುತ್ತೆ.

ಹುಬ್ಬಳ್ಳಿ_ಅಂಬಾಸಿಡರ್ · ಗುರುವಾರ, ಬೆಳಿಗ್ಗೆ 5:50

ಎಲೆಕ್ಟ್ರಾನಿಕ್ ಕೆಟ್ಟದ್ದಲ್ಲ. ಆದ್ರ ಫ್ರಾನ್ಸಿನ ಹಳ್ಳಿ ರಸ್ತೆದಾಗ ಅದು ಕೈಕೊಟ್ರ ಚಾಕು, ಸ್ಕ್ರೂ ಡ್ರೈವರ್ ಹಿಡಕೊಂಡು ಏನೂ ಮಾಡಾಕ ಬರೂದುಲ್ಲ. ಪಾಯಿಂಟ್ ಹಂಗಲ್ಲ, ದಾರಿಮ್ಯಾಲ ಕುಂತು ಸರಿ ಮಾಡಬಹುದು. ಮೊದಲು ರೋಗ ಹಿಡಿಯೂಣು.

ನನ್ನ ಅನುಮಾನ ಕಂಡೆನ್ಸರ್ ಮ್ಯಾಲ. ಪಾಯಿಂಟ್ ತೆರದಾಗ ಕಾಯಿಲಿನ ಕರೆಂಟು ತಟ್ಟನ ಕಡೀಬೇಕು, ಅವಾಗ ಪ್ಲಗ್ಗಿಗೆ ಕಿಡಿ. ಕಂಡೆನ್ಸರ್ ಇಲ್ಲಂದ್ರ ಆ ಕರೆಂಟು ಪಾಯಿಂಟಿನ ಬಾಯಾಗ ಕಿಡಿಯಾಗಿ ಉರದು ಹೋಗತೈತಿ. ಆದ್ರ ಕಂಡೆನ್ಸರ್ ಒಳಗ ಶಾರ್ಟ್ ಆದ್ರ ಪಾಯಿಂಟ್ ತೆರದ್ರೂ ಕರೆಂಟು ಕಡಿಯೂದ ಇಲ್ಲ, ಸೀದಾ ಅರ್ಥಿಗೆ ಹರಿತೈತಿ. ಕಿಡಿನೂ ಇಲ್ಲ, ಮುಳ್ಳೂ ಸೊನ್ನಿ. ನಿಂದು ಹಂಗ ಕಾಣತೈತಿ.

ಬಿಸಿ ಇದ್ದಾಗನ ಟೆಸ್ಟ್ ಬಲ್ಬ್ ಹಚ್ಚು. ಕೀ ಆನ್, ಪಾಯಿಂಟ್ ತೆರದಿರಬೇಕು. ಮೊದಲು ಕಾಯಿಲಿನ ಪ್ಲಸ್ ಕಡೆ ಬಲ್ಬ್ ಉರಿತೈತೇನು ನೋಡು. ಆಮ್ಯಾಲ ಡಿಸ್ಟ್ರಿಬ್ಯೂಟರಿಗೆ ಹೋಗೂ ಕಡೆ ಹಿಡಿ. ಅಲ್ಲಿ ಉರೀಲಿಲ್ಲಂದ್ರ ಕಂಡೆನ್ಸರ್ ವೈರ್ ಬಿಚ್ಚು. ಬಿಚ್ಚಿದ ಕೂಡ್ಲೆ ಬಲ್ಬ್ ಹತ್ತಿದ್ರ ಕಳ್ಳ ಸಿಕ್ಕಂಗ. ಹಳೇದನ್ನ ಬಿಚ್ಚದ ಮ್ಯಾಲೊಂದು ಹೊಸಾದು ಜೋಡಿಸಿದ್ರ ಉಪಯೋಗಿಲ್ಲ, ಶಾರ್ಟ್ ಹಂಗ ಉಳಿತೈತಿ.

ಮುಲ್ಸಾನ್_ಹಾದಿ · ಶನಿವಾರ, ಸಂಜೆ 6:30

ಕಳ್ಳ ಸಿಕ್ಕ ಅಣ್ಣ! ವೈರ್ ಬಿಚ್ಚಿದ ಕ್ಷಣಕ್ಕೆ ಬಲ್ಬ್ ಹೊತ್ತಿಕೊಂಡಿತು.

ಮನಸ್ಸಿಗೆ ಪೂರ್ತಿ ಖಾತ್ರಿಯಾಗಲಿ ಅಂತ ಆ ಕಂಡೆನ್ಸರ್‌ನ ಅಡುಗೆಮನೆ ಮೇಜಿನ ಮೇಲಿಟ್ಟು ಮೀಟರ್ ಹಚ್ಚಿದೆ. ತಣ್ಣಗಿದ್ದಾಗ ಅಂಕಿ ಮೇಲೇರಿ ಮಾಯವಾಯ್ತು, ಅಂದ್ರೆ ಸರಿಯಾಗೇ ಇದೆ. ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಹಿಡಿದೆ. ಎರಡು ನಿಮಿಷ ಏನೂ ಇಲ್ಲ. ಮೂರನೇ ನಿಮಿಷಕ್ಕೆ ಮೀಟರ್ ತಟ್ಟನೆ 4 ಓಮ್ ತೋರಿಸಿತು. ಡ್ರೈಯರ್ ಆಫ್ ಮಾಡಿ ಕಾಯ್ತಾ ಕೂತೆ, ತಣ್ಣಗಾದ ಹಾಗೆ ಮತ್ತೆ ಅಂಕಿ ಮಾಯ. ಬೆರಳಿನ ತುದಿಯಷ್ಟು ಡಬ್ಬಿ, ಅದಕ್ಕೋಸ್ಕರ ನಾನು ಇಡೀ ಪೆಟ್ರೋಲ್ ಲೈನ್ ಬಿಚ್ಚಿದ್ದೆ.

ಆರು ತಿಂಗಳ ಹಿಂದೆ ತಂದ ಹೊಸ ಕಂಡೆನ್ಸರ್ ಅದು. ಹೊಸದು ಅನ್ನೋ ಒಂದೇ ಕಾರಣಕ್ಕೆ ಅದರ ಮೇಲೆ ಅನುಮಾನವೇ ಬರಲಿಲ್ಲ. ನನಗೆ ಬೇಜಾರಾಗಿದ್ದು ಅಲ್ಲೇ. ದುಡ್ಡು ಕೊಟ್ಟು ತರೋ ಹೊಸ ಪಾರ್ಟ್ ಐವತ್ತು ವರ್ಷ ಹಳೇದಕ್ಕಿಂತ ಬೇಗ ಸತ್ತರೆ ಇಂಥ ಗಾಡಿ ಇಟ್ಟುಕೊಂಡವರು ಏನು ಮಾಡಬೇಕು?

ಸ್ನೇಹಿತರೊಬ್ಬರ ಹತ್ರ ಒಂದು ಹಳೇ ಕಂಡೆನ್ಸರ್ ಸಿಕ್ಕಿತು. ಅದನ್ನ ಡಿಸ್ಟ್ರಿಬ್ಯೂಟರ್ ಒಳಗೆ ಹಾಕದೆ, ಹೊರಗೆ ಕಾಯಿಲ್ ಪಕ್ಕ, ಬಣ್ಣ ಕೆರೆದ ಜಾಗದಲ್ಲಿ ಬಿಗಿದಿದ್ದೀನಿ. ಅಲ್ಲಿ ಬಿಸಿ ಕಡಿಮೆ, ದಾರಿಯಲ್ಲಿ ಬದಲಾಯಿಸೋದೂ ಸುಲಭ. ಇವತ್ತು ನಿಲ್ಲಿಸದೆ 140 ಕಿ.ಮೀ. ಓಡಿಸಿದೆ, ಒಂದು ಸಲವೂ ಕೈಕೊಡಲಿಲ್ಲ.

ಹುಬ್ಬಳ್ಳಿ_ಅಂಬಾಸಿಡರ್ · ಭಾನುವಾರ, ಬೆಳಿಗ್ಗೆ 6:05

ಭಾಳ ಛಲೋ ಆತು. ಪಾಯಿಂಟ್ ಬಿಚ್ಚಿ ಕಟ್ಟಿದ್ರ ಗ್ಯಾಪ್ 15 ಥೌ (ಇಂಚಿನ ಸಾವಿರ ಭಾಗದಾಗ 15) ಐತೇನು ಮತ್ತೊಮ್ಮೆ ನೋಡು. ಪಾಯಿಂಟ್ ಕಂಬದ ಪ್ಲಾಸ್ಟಿಕ್ ವಾಷರ್ ಜಾಗಾ ತಪ್ಪಿದ್ರ ಅದೂ ಇದ ಶಾರ್ಟ್ ಮಾಡತೈತಿ. ಡಿಸ್ಟ್ರಿಬ್ಯೂಟರ್ ಒಳಗ ತಿರುಗೂ ರೋಟರ್ ಒಂದು ಹೆಚ್ಚಿಗಿ ಇಟ್ಕೋ, ಈಗಿನ ಕಪ್ಪು ರೋಟರಿನಾಗ ರಿವೆಟ್ ಮೂಲಕ ಕರೆಂಟು ಸೋರೂದು ನೋಡೇನಿ.

1966ರಾಗ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ್ಯಾಗ 84 ತಾಸಿನ ಮ್ಯಾರಥಾನ್ ಗೆದ್ದದ್ದೂ ಎಂಜಿಬಿನ, ಹೆಡ್ಜಸ್ ಮತ್ತ ವೆರ್ನಾವೆ ಓಡಿಸಿದ್ದು. ಮೂರೂವರಿ ದಿನ ಓಡಿದ ಎಂಜಿನ್ನು ಇದು. ನೀ ಧೈರ್ಯಲೆ ಹೋಗು.

ಮುಲ್ಸಾನ್_ಹಾದಿ · ಐದು ವಾರದ ನಂತರ

ಲೆ ಮಾನ್‌ನಿಂದ ಬರೀತಿದ್ದೀನಿ. ಪೋರ್ಟ್ಸ್‌ಮತ್‌ನಿಂದ ರಾತ್ರಿ ಹಡಗು ಹತ್ತಿ ಊಸ್ಟ್ರಹಾಂನಲ್ಲಿ ಇಳಿದು ಒಂದೇ ಓಟಕ್ಕೆ ಬಂದೆ. ಡಿಕ್ಕಿಯಲ್ಲಿ ಒಂದು ಬಿಸ್ಕತ್ ಡಬ್ಬಿ ಇದೆ: ಕಂಡೆನ್ಸರ್, ರೋಟರ್, ಪಾಯಿಂಟ್, ಟೆಸ್ಟ್ ಬಲ್ಬ್. ಇಲ್ಲಿವರೆಗೂ ಮುಚ್ಚಳ ತೆಗೆದಿಲ್ಲ.

ರೇಸಿಗೆ ರಸ್ತೆ ಮುಚ್ಚೋಕೆ ಮುಂಚೆ, ಮೊನ್ನೆ ಸಂಜೆ ಡಿ338 ರಸ್ತೆಯಲ್ಲಿ ಹೋದೆ. ಅದೇ ಮುಲ್ಸಾನ್ ಸ್ಟ್ರೈಟ್, ಟ್ರ್ಯಾಕಿನ ಉದ್ದನೆಯ ನೇರ ಭಾಗ; ಬೇರೆ ದಿನಗಳಲ್ಲಿ ಊರವರು ಓಡಾಡೋ ರಸ್ತೆ. ರೇಸ್ ಕಾರುಗಳು 1990ರಿಂದ ಎರಡು ಕಡೆ ಪಕ್ಕಕ್ಕೆ ತಿರುಗಿ ಬರಬೇಕು, ನಮಗೆ ಮಾತ್ರ ನೇರ ದಾರಿ. ಹಚಿಸನ್ ಮರಳು ತೋಡಿದ ತಿರುವು ಮುಂದೆ ಕಾಣ್ತಾ ಬಂತು. ಗಂಟೆಗೆ 80 ಕಿ.ಮೀ., ಓವರ್‌ಡ್ರೈವ್ (ಎಂಜಿನ್ ನಿಧಾನ ತಿರುಗಿಸೋ ಹೆಚ್ಚುವರಿ ಗೇರ್) ಹಾಕಿರಲಿಲ್ಲ. ಆರ್‌ಪಿಎಂ ಮುಳ್ಳು 2800ರಲ್ಲಿ ಅಲುಗಾಡದೆ ನಿಂತಿತ್ತು.