ಬೆಂಕಿಗೆ ಆಹುತಿಯಾದ ಹಿತ್ತಲಿನ ಬಡಗಿ ಶೆಡ್ಡು: ಏನನ್ನು ಉಳಿಸಿಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಹಾವೇರಿ ತಾಲ್ಲೂಕಿನ ಬಡಗಿಯೊಬ್ಬರಿಂದ):
ಗುರುಗಳಿಗೆ ಶರಣು. ಮನೆಯ ಹಿತ್ತಲಿನ ಪತ್ರಾಸಿನ ಶೆಡ್ಡಿನಲ್ಲಿ ನಾನು ಬಾಗಿಲು, ಚೌಕಟ್ಟು, ಮಂಚ ಮತ್ತು ಕೇಳಿದವರಿಗೆ ತೊಟ್ಟಿಲು ಮಾಡಿಕೊಡುತ್ತ ಬಂದವನು. ಯುಗಾದಿಯ ಹಿಂದಿನ ವಾರ ರಾತ್ರಿ ಎರಡು ಗಂಟೆಯ ಸುಮಾರಿಗೆ ಶೆಡ್ಡಿಗೆ ಬೆಂಕಿ ಹತ್ತಿತು. ಕಟ್ಟಿಗೆ ಹೆರೆಯುವ ರಂಧಾ ಮಷಿನ್, ಗರಗಸದ ಮಷಿನ್, ಕೈ ಡ್ರಿಲ್ಲು, ಗ್ರೈಂಡರ್, ಗಿರಾಕಿಯೊಬ್ಬರ ಎರಡು ಸಾಗವಾನಿ ಬಾಗಿಲು, ಎಲ್ಲವೂ ಬೆಂಕಿಯ ಪಾಲಾದವು. ಬೂದಿಯಲ್ಲಿ ಕೈಯಾಡಿಸಿದಾಗ ನಮ್ಮ ತಂದೆಯವರ ಹನ್ನೊಂದು ಉಳಿಗಳು ಸಿಕ್ಕವು. ಹಿಡಿಗಳು ಸುಟ್ಟು ಹೋಗಿ ಬರೀ ಕಬ್ಬಿಣ ಉಳಿದಿದೆ. ಎಲ್ಲರೂ ಶಾರ್ಟ್ ಸರ್ಕ್ಯೂಟ್ ಎನ್ನುತ್ತಾರೆ, ಆದರೆ ದಿನವೂ ಸಂಜೆ ಮೇನ್ ಸ್ವಿಚ್ ತೆಗೆದೇ ಮನೆಯೊಳಗೆ ಹೋಗುವುದು ನನ್ನ ರೂಢಿ. ಈ ಸಾಮಾನುಗಳಲ್ಲಿ ಯಾವುದು ಮತ್ತೆ ಕೆಲಸಕ್ಕೆ ಬಂದೀತು, ಮೊದಲು ಏನನ್ನು ಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ (ಧಾರವಾಡ, ಐ.ಟಿ.ಐ.ಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು):
ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಕೊಳ್ಳುವ ಮಾತಿಗೆ ಮೊದಲು ಒಂದನ್ನು ಕೇಳಬೇಕಾಗಿದೆ. ಮೇನ್ ಸ್ವಿಚ್ ತೆಗೆದಿದ್ದರೆ ಬೆಂಕಿ ಬೇರೆ ಕಡೆಯಿಂದ ಬಂದಿರಬೇಕು. ಆ ದಿನ ಕೊನೆಯಲ್ಲಿ ಏನು ಕೆಲಸ ಮಾಡಿದಿರಿ? ಬೆಂಕಿ ಯಾವ ಮೂಲೆಯಿಂದ ಎದ್ದಂತೆ ಕಾಣುತ್ತದೆ?

ಪ್ರಶ್ನೆ ಕೇಳಿದವರು:
ಆ ಎರಡು ಬಾಗಿಲುಗಳಿಗೆ ಅಗಸಿ ಎಣ್ಣೆ ಹಚ್ಚಿ ಮುಗಿಸಿದಾಗ ಸಂಜೆ ಏಳು ಗಂಟೆಯಾಗಿತ್ತು. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಯಲ್ಲಿದ್ದ ಕಟ್ಟಿಗೆ ಹೊಟ್ಟಿನ ಚೀಲದ ಮೇಲೆ ಹಾಕಿದ್ದೆ. ಎಲ್ಲಕ್ಕಿಂತ ಹೆಚ್ಚು ಸುಟ್ಟಿರುವುದು ಅದೇ ಮೂಲೆ.

ಉತ್ತರ:
ಹಾಗಿದ್ದರೆ ನನ್ನ ಅನುಮಾನವೆಲ್ಲ ಆ ಬಟ್ಟೆಗಳ ಮೇಲಿದೆ. ಥಿನ್ನರ್ ಅಥವಾ ಸೀಮೆಎಣ್ಣೆ ಆರಿಹೋಗುವಂತೆ ಅಗಸಿ ಎಣ್ಣೆ ಆವಿಯಾಗಿ ಒಣಗುವುದಿಲ್ಲ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಹಾಗೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಬಾಗಿಲಿನ ಮೇಲೆ ತೆಳ್ಳಗೆ ಹರಡಿದ ಎಣ್ಣೆಯ ಶಾಖ ಗಾಳಿಗೆ ಹೋಗಿಬಿಡುತ್ತದೆ, ಆದರೆ ಮುದ್ದೆಯಾದ ಬಟ್ಟೆಯ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗೇ ಏರುತ್ತ ಹೋಗಿ, ಕೆಲವು ಗಂಟೆಗಳ ನಂತರ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ, ಕಾದ ಪತ್ರಾಸಿನ ಕೆಳಗೆ, ಅದಕ್ಕೆ ಇನ್ನಷ್ಟು ಅನುಕೂಲ. ನಾನೇ ಒಮ್ಮೆ ವಿದ್ಯಾರ್ಥಿಗಳು ಮಧ್ಯಾಹ್ನ ಬಕೆಟ್ಟಿನಲ್ಲಿ ತುಂಬಿಟ್ಟಿದ್ದ ಎಣ್ಣೆ ಬಟ್ಟೆಗಳ ನಡುವೆ ಸಂಜೆ ಕೈ ಹಾಕಿದ್ದೆ. ಮೇಲಿನ ಬಟ್ಟೆ ತಣ್ಣಗಿತ್ತು; ನಡುವಿನದು ಆಗತಾನೆ ಹಂಚಿನಿಂದ ಇಳಿಸಿದ ರೊಟ್ಟಿಯಂತೆ ಸುಡುತ್ತಿತ್ತು, ಸೀದ ಎಣ್ಣೆಯ ಕಮಟು ವಾಸನೆ ಬರುತ್ತಿತ್ತು. ಆ ದಿನದಿಂದ ನನ್ನ ತರಗತಿಯ ಮೊದಲ ಪಾಠವೇ ಇದಾಯಿತು. ಕುಸುಬಿ ಎಣ್ಣೆಗೂ ಈ ಗುಣ ಸ್ವಲ್ಪ ಮಟ್ಟಿಗೆ ಇದೆ. ಇನ್ನು ಮುಂದೆ ಎಣ್ಣೆ ಬಟ್ಟೆಗಳನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ, ಕಡ್ಡಿಯಂತೆ ಬಿರುಸಾದ ಮೇಲೆಯೇ ಎಸೆಯಿರಿ. ಅದಾಗದಿದ್ದರೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿಡಿ. ಹೊಟ್ಟಿನ ಚೀಲ ರಾತ್ರಿ ಶೆಡ್ಡಿನೊಳಗೆ ಇರಕೂಡದು.

ಈಗ ಉಳಿಗಳ ವಿಷಯಕ್ಕೆ ಬರುತ್ತೇನೆ. ವೈರಿನ ಪ್ಲಾಸ್ಟಿಕ್ ಸುಟ್ಟಾಗ ಏಳುವ ಹೊಗೆ ತೇವದೊಡನೆ ಸೇರಿ ಆಮ್ಲವಾಗಿ ಕಬ್ಬಿಣವನ್ನು ತಿನ್ನುತ್ತದೆ. ಅದಕ್ಕಾಗಿ ಇವತ್ತೇ ಅವುಗಳನ್ನು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮಷಿನ್ ಆಯಿಲ್ ಸವರಿಡಿ. ಆಮೇಲೆ ಹೊಸದೊಂದು ಅರವನ್ನು ಪ್ರತಿ ಉಳಿಯ ಬಾಯಿಯ ಹತ್ತಿರ ಮೆಲ್ಲನೆ ಎಳೆದು ನೋಡಿ. ಅರ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ, ಎಂದರೆ ಉಕ್ಕಿನ ಗಡಸುತನ, ಉಳಿದಿದೆ. ಕಚ್ಚಿ ಪುಡಿ ಉದುರಿಸಿದರೆ ಹದ ಹೋಗಿದೆ. ಬಣ್ಣವನ್ನು ನೋಡಿಯೂ ಅಂದಾಜು ಮಾಡಬಹುದು: ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ, ನೀಲಿಗೆ ಹೋದ ಮರಗೆಲಸದ ಉಳಿಯ ಬಾಯಿ ನಿಲ್ಲುವುದಿಲ್ಲ. ಆದರೆ ಅದಕ್ಕೂ ಹೆಚ್ಚು ಕಾದ ಉಕ್ಕಿನಲ್ಲಿ ನೀಲಿ ಅಳಿದು ಬೂದು ಬಣ್ಣ ಉಳಿಯುವುದರಿಂದ ನಾನು ಅರವನ್ನೇ ಹೆಚ್ಚು ನಂಬುತ್ತೇನೆ.

ಹದ ಹೋದ ಉಳಿಗಳನ್ನು ಎಸೆಯಬೇಡಿ. ನಿಮ್ಮ ಊರಿನ ಕಮ್ಮಾರರ ಕುಲುಮೆಯಲ್ಲಿ, ಅಯಸ್ಕಾಂತ ಹಿಡಿಯದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಿಸಿ. ಬಾಯನ್ನು ಹೊಳೆಯುವಂತೆ ಉಜ್ಜಿ, ಮತ್ತೆ ಮೆಲ್ಲಗೆ ಬಿಸಿ ಮಾಡಿ, ಒಣಹುಲ್ಲಿನ ಬಣ್ಣ ಬಂದೊಡನೆ ತಣಿಸಿದರೆ ಹದ ಮರಳಿ ಬರುತ್ತದೆ. ತಂದೆಯವರ ಕಾಲದ ಉಳಿಗಳು ಹೆಚ್ಚಾಗಿ ಸಾದಾ ಇಂಗಾಲದ ಉಕ್ಕಿನವು, ಆದ್ದರಿಂದ ಈ ಕೆಲಸಕ್ಕೆ ಒಗ್ಗುತ್ತವೆ.

ಮಷಿನ್‌ಗಳ ವಿಷಯದಲ್ಲಿ ಮಾತ್ರ ಧಾರಾಳತನ ಬೇಡ. ಸಾಣೆ ಚಕ್ರ, ಕಟ್ಟಿಂಗ್ ಚಕ್ರ, ಗರಗಸದ ದುಂಡು ಬ್ಲೇಡು, ಇವು ಬೆಂಕಿ ಕಂಡಿದ್ದರೆ ಎಷ್ಟೇ ಚೆನ್ನಾಗಿ ಕಂಡರೂ ಗುಜರಿಗೆ ಹಾಕಿ. ತಿರುಗುವಾಗ ಒಡೆದರೆ ಪ್ರಾಣಕ್ಕೇ ಬರುತ್ತದೆ. ಮೋಟಾರನ್ನು "ಒಮ್ಮೆ ಹಚ್ಚಿ ನೋಡೋಣ" ಎಂದು ಯಾವ ಕಾರಣಕ್ಕೂ ಚಾಲೂ ಮಾಡಬೇಡಿ. ವೈಂಡಿಂಗ್ ಮಾಡುವವರಲ್ಲಿ 500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆ ಕರೆಂಟು ಸೋರದಂತೆ ತಡೆಯುತ್ತದೆಯೇ ಎಂದು ಅಳೆಯುವ ಸಾಧನ) ಹಚ್ಚಿಸಿ, ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸಿದರೆ ಮರುಸುತ್ತಬೇಕು. ಕೆಪ್ಯಾಸಿಟರ್ ಮತ್ತು ಬೇರಿಂಗ್ ಹೇಗೂ ಹೊಸವೇ ಬೇಕು. ರಂಧಾ ಮಷಿನ್ನಿನ ಬೀಡಿನ ಮೇಜಿನ ಮೇಲೆ ನೇರಪಟ್ಟಿ ಇಟ್ಟು, ಉದ್ದಕ್ಕೂ ಮೂಲೆಯಿಂದ ಮೂಲೆಗೂ ಕೆಳಗೆ ಬೆಳಕು ಕಾಣದಿದ್ದರೆ ಅದು ಬಗ್ಗಿಲ್ಲ ಎಂದು ತಿಳಿಯಿರಿ.

ಇನ್ನೊಬ್ಬ ಸದಸ್ಯರು (ಗದಗ):
ಸರ್, ನನ್ನದೂ ಮನೆಯಲ್ಲಿಯೇ ಕೆಲಸ. ಇಂಥ ಹಾನಿಗೆ ಮನೆಯ ವಿಮೆಯಿಂದ ಪರಿಹಾರ ಸಿಗುತ್ತದೆಯೇ? ಸಾಲ ಎಲ್ಲಿ ಕೇಳಬೇಕು?

ಉತ್ತರ:
ಮನೆಯ ವಿಮೆ ವ್ಯಾಪಾರದ ಉಪಕರಣಗಳಿಗೆ ಆಗಿ ಬರುವುದಿಲ್ಲ ಎಂದೇ ತಿಳಿದು ನಡೆಯಿರಿ. ಸಣ್ಣ ಉದ್ದಿಮೆಗಳಿಗೆಂದೇ 2021ರ ಏಪ್ರಿಲ್‌ನಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಇದೆ. ಮಷಿನ್‌ಗಳ ಬಿಲ್ಲು ಮತ್ತು ಫೋಟೋಗಳನ್ನು ಶೆಡ್ಡಿನ ಹೊರಗೆ ಇಟ್ಟುಕೊಳ್ಳಿ. ಸಾಲಕ್ಕೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಸೇರಿದೆ. ಅದರಲ್ಲಿ ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಇರುತ್ತದೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ.

ಹಾವೇರಿಯವರಿಗೆ ಇನ್ನೆರಡು ಮಾತು. ಮೊದಲು ಕೊಳ್ಳಬೇಕಾದದ್ದು ಮಷಿನ್ ಅಲ್ಲ. ಒಳ್ಳೆಯ ವೈಸ್ ಕೂಡಿಸಿದ ಗಟ್ಟಿ ಮೇಜು, ಒಂದು ಹತ್ತರಿ, ಒಂದು ಕೈಗರಗಸ, ಒಂದು ಮೂಲೆಮಟ್ಟ. ಇಷ್ಟಿದ್ದರೆ ರಿಪೇರಿ ಕೆಲಸ ಹಿಡಿದು ಮನೆ ನಡೆಸಬಹುದು. ಮೇಜಿಗೆ ಕಟ್ಟಿಗೆಯನ್ನು ಹೊಸದಾಗಿ ತರಬೇಕಾಗಿಲ್ಲ. ದಪ್ಪ ಸಾಗವಾನಿ ಹೊರಗೆ ಇದ್ದಿಲಾದರೂ ಆ ಇದ್ದಿಲೇ ಒಳಗಿನ ಕಟ್ಟಿಗೆಯನ್ನು ಕಾಯುತ್ತದೆ; ಬಾಚಿಯಿಂದ ಕರಿಯನ್ನೆಲ್ಲ ಕೆತ್ತಿ, ಮತ್ತೆ ಕಾಲಿಂಚು ತೆಗೆದರೆ ಹಳದಿ ಕಟ್ಟಿಗೆ ಸಿಗುತ್ತದೆ. ಶೆಡ್ಡಿಗೆ ಮತ್ತೆ ವೈರಿಂಗ್ ಮಾಡಿಸುವಾಗ ಮನೆಯಿಂದ ಬೇರೆಯಾದ ಬೋರ್ಡು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿತಗೊಳಿಸುವ ಸ್ವಿಚ್), ಸರಿಯಾದ ಅರ್ಥಿಂಗ್, ಕರೆಂಟು ಹೋಗಿ ಬಂದಾಗ ತಾನಾಗಿ ತಿರುಗಲಾರದಂಥ ಸ್ಟಾರ್ಟರ್ ಇರಲಿ. ಬಾಗಿಲು ಕಳೆದುಕೊಂಡ ಗಿರಾಕಿಯ ಮನೆಗೆ ನೀವೇ ಹೋಗಿ ಎದುರಿಗೆ ಕುಳಿತು ಮಾತನಾಡಿ. ಫೋನಿನಲ್ಲಿ ಇದನ್ನು ಮುಗಿಸಬೇಡಿ.

ಪ್ರಶ್ನೆ ಕೇಳಿದವರು (ಎಂಟು ದಿನಗಳ ನಂತರ):
ಗುರುಗಳೇ, ಹನ್ನೊಂದರಲ್ಲಿ ನಾಲ್ಕರ ಮೇಲೆ ಅರ ಜಾರಿತು. ಉಳಿದ ಏಳನ್ನು ಕಮ್ಮಾರರು ಹದ ಮಾಡಿಕೊಟ್ಟಿದ್ದಾರೆ. ಗಿರಾಕಿಯವರು ಕಟ್ಟಿಗೆ ತಾವೇ ಕೊಡುತ್ತೇವೆ, ಕೂಲಿಯನ್ನು ಬಿಟ್ಟು ಮಾಡಿಕೊಡಿ ಎಂದರು, ಒಪ್ಪಿಕೊಂಡೆ. ಉಳಿಗಳ ಹಿಡಿಗೆ ಯಾವ ಕಟ್ಟಿಗೆ ಹಾಕಲಿ?

ಉತ್ತರ:
ಬಹಳ ಸಂತೋಷವಾಯಿತು. ಚಕ್ಕಡಿಯ ಗಾಲಿಗೆ ಬಳಸುತ್ತಿದ್ದ ಕರಿಜಾಲಿ ಹಾಕಿ. ಕೊಡತಿಯ ಪೆಟ್ಟನ್ನು ಅದು ಚೆನ್ನಾಗಿ ತಡೆಯುತ್ತದೆ. ಚೆನ್ನಾಗಿ ಒಣಗಿದ್ದನ್ನೇ ಆರಿಸಿ, ಹಸಿಯದಾದರೆ ಒಣಗುತ್ತ ಸಡಿಲವಾಗಿ ಉಳಿ ಕಳಚಿಕೊಳ್ಳುತ್ತದೆ. ತಲೆ ಸೀಳದಂತೆ ಮೇಲಕ್ಕೊಂದು ಕಬ್ಬಿಣದ ಬಳೆ ತೊಡಿಸಿ. ಹಿಡಿಗೆ ಅಗಸಿ ಎಣ್ಣೆ ಹಚ್ಚಿದರೆ, ಆ ಬಟ್ಟೆಯನ್ನು ಅಂದೇ ಹಿತ್ತಲಿನ ತಂತಿಯ ಮೇಲೆ ಹರವಿ.